ಪಂಚಮಿ ಉಂಡಿ ಗಜೇಂದ್ರಗಡಕ್ಕೆ

ಸವಡಿ, ತಾಲೂಕು ರೋಣ
ಬುಧವಾರ, ೨೪-೭-೧೯೫೭

ಪ್ರೀತಿಯ ಸೊಸೆ ಅಡಿವೆವ್ವಗೆ, ನಿನ್ನ ಅತ್ತೆ ಸಣ್ಣವ್ವ ಮನಸ್ಸು ತುಂಬಿ ಮಾಡುವ ಆಶೀರ್ವಾದ.

ಮೈ ಹೇಗಿದೆ? ಹೋಗುವಾಗ ಇದ್ದ ಕೆಮ್ಮು ಬಿಟ್ಟಿತೋ ಇಲ್ಲವೋ? ಬಿಡದಿದ್ದರೆ ಶುಂಠಿ, ಬೆಲ್ಲ ಕುದಿಸಿ ಕುಡಿ, ಚಹಾ ಕುಡಿದರೆ ಹೋಗುವ ಕೆಮ್ಮಲ್ಲ ಅದು. ನಿನ್ನನ್ನು ಸಾಕಿ ಬೆಳೆಸಿದ ದೊಡ್ಡವ್ವ ಶಂಕ್ರವ್ವನವರ ಮೊಣಕಾಲು ಹೇಗಿದೆ? ಎಣ್ಣೆ ಬಿಸಿ ಮಾಡಿ ತಿಕ್ಕು. ತಿಕ್ಕುವಾಗ ಅವರ ಮಾತಿಗೆಲ್ಲ ಹೂಂ ಅನ್ನುತ್ತಿರು, ಅರ್ಧ ನೋವು ಅದರಲ್ಲೇ ಹೋಗುತ್ತದೆ. ಇಲ್ಲಿ ನಿನ್ನ ಮಾವ ಗಟ್ಟಿಮುಟ್ಟಾಗಿದ್ದಾರೆ. ಹೇಮಪ್ಪ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೆ, ಆದರೆ ಏನು ಉಂಡೆ ಎಂದು ಕೇಳಿದರೆ ಹೇಳಲಾರ. ಹೆಂಡತಿ ಊರಲ್ಲಿಲ್ಲದ ಗಂಡಸರ ಪೈಕಿ ನಿನ್ನ ಗಂಡ ಮೊದಲಿಗನಲ್ಲ ಎಂದು ನಾನೂ ಸುಮ್ಮನಿದ್ದೇನೆ.

ಲಗ್ನವಾದ ಮೊದಲ ಆಷಾಢಕ್ಕೆ ನೀನು ತವರಿಗೆ ಹೋದದ್ದು ಪದ್ಧತಿ. ಪಂಚಮಿ ಮುಗಿಸಿಕೊಂಡು ತಿರುಗಿ ಬರುವುದೂ ಪದ್ಧತಿ. ಆದರೆ ನಿನ್ನ ದೊಡ್ಡವ್ವ ಮೊನ್ನೆ ಹೇಳಿ ಕಳಿಸಿದ್ದಾರೆ, "ದೀಪಾವಳಿ ತನಕಾ ಹುಡಿಗಿನ್ನ ಕಳಸೂದಿಲ್ಲ, ಆಮ್ಯಾಲೂ ವಿಚಾರ ಮಾಡತೀವಿ" ಎಂದು. ಮಗ ಮುಖ ಸಣ್ಣದು ಮಾಡಿಕೊಂಡ. ನನಗೆ ಕಾರಣ ಗೊತ್ತು. ನೀನು ಹೋಗುವ ಮುನ್ನಾದಿನ ಪಡಸಾಲೆಯಲ್ಲಿ ನಾಲ್ಕು ಮಂದಿ ಹೆಂಗಸರು ಕೂತು ಹೊದೆಯಲು ಕೌದಿ ಹೊಲಿಯುತ್ತಿದ್ದಾಗ, ಹಳೇ ಅರಿವೆಗಳ ಗಂಟು ಬಿಚ್ಚಿ ಒಂದು ಕರಿ ಸೀರೆ ಎಳೆದು ಕತ್ತರಿಸಿಬಿಟ್ಟೆ ನೀನು. ಅದು ನಮ್ಮವ್ವ ನರಗುಂದದಿಂದ ನನಗೆ ಕೊಟ್ಟು ಕಳಿಸಿದ ಕೊನೆಯ ಸೀರೆ. ಮರು ವರ್ಷ ಪಂಚಮಿಗೆ ಹೋಗಲು ನನಗೆ ತವರಲ್ಲಿ ಅವ್ವ ಇರಲಿಲ್ಲ. ಸೆರಗು ಸವೆದಿತ್ತು ಖರೆ, ಆದರೂ ಇಪ್ಪತ್ತು ವರ್ಷ ಟ್ರಂಕಿನಲ್ಲಿ ಬೇವಿನ ಎಲೆ ಹಾಕಿ ಕಾಪಾಡಿದ್ದೆ. ನೋಡಿದ ಕೂಡಲೇ ನನ್ನ ತಲೆ ಕೆಟ್ಟಿತು. "ತಾಯಿ ಇದ್ದಿದ್ರ ಕಲಿಸ್ತಿದ್ಲು, ಯಾವ ಅರಿವಿಗೆ ಕತ್ತರಿ ಹಾಕಬೇಕು, ಯಾವುದಕ್ಕ ಹಾಕಬಾರದು ಅಂತ" ಎಂದೆ. ನೀನು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಒಳಗೆ ಹೋದೆ. ಅಡಿವೆವ್ವ, ಟ್ರಂಕಿಗೆ ಕೈ ಹಾಕಿ ಅದನ್ನು ಗಂಟಿಗೆ ಸೇರಿಸುವ ಮುಂಚೆ ಕೇಳಬೇಕಿತ್ತು. ಇರಲಿ, ಚಿಕ್ಕವಳು, ತಿಳಿಯದೆ ಮಾಡಿದ್ದು. ನಾನು ಅದನ್ನು ಮನಸ್ಸಿನಿಂದ ತೆಗೆದುಹಾಕಿದ್ದೇನೆ, ನೀನೂ ತೆಗೆದುಹಾಕು.

ಈಗ ಮನೆಯ ಸುದ್ದಿ ಕೇಳು. ನೀನು ಬಂದರೆ ಇದು ಯಾರ ಮನೆ ಎಂದು ಹೊರಗೇ ನಿಲ್ಲುತ್ತೀ. ಹಳ್ಳದ ದಂಡೆಯ ಬಿಳಿ ಮಣ್ಣು ತರಿಸಿ, ಸೋಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಚಿಟಿಕೆಯಷ್ಟು ಬೆರೆಸಿ ಗೋಡೆಗೆಲ್ಲ ಬಳಿದೆ. ಕೆಳಗೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ. ಜೋಳದ ದಂಟಿನ ತುದಿ ಜಜ್ಜಿ ಕುಂಚ ಮಾಡಿಕೊಂಡು ಪಟ್ಟಿಯ ಮೇಲೆ ತೇರು, ಬಳ್ಳಿ, ಗಿಳಿ ಬರೆದೆ. ಗಿಳಿಗಳು ಕೋಳಿಯ ಹಾಗೆ ಕಾಣುತ್ತವೆ ಎಂದು ನಿನ್ನ ಮಾವ ನಕ್ಕರು. ನಕ್ಕವರು ಹಸಿ ಗೋಡೆಗೇ ಒರಗಿ ಕೂತಿದ್ದರು, ಅರ್ಧ ಬಳ್ಳಿ ಬೆನ್ನಿಗೆ ಹತ್ತಿಸಿಕೊಂಡು ಹೊಲಕ್ಕೆ ಹೋದರು. ನಾನೂ ಹೇಳಲಿಲ್ಲ. ಮುಂಬಾಗಿಲಿಗೆ ಬಳೆ ಚೂರಿನ ತೋರಣ ಮಾಡಿದ್ದೇನೆ, ನೀನು ಹೇಳಿಕೊಟ್ಟ ರೀತಿಯಲ್ಲೇ. ಬಳೆ ಮಾರುವ ಜಮಾಲಬಿ ತನ್ನ ಬುಟ್ಟಿಯ ತಳದಲ್ಲಿದ್ದ ಒಡಕು ಬಳೆಗಳನ್ನೆಲ್ಲ ನನ್ನ ಉಡಿಗೆ ಸುರಿದು ಹೋಗಿದ್ದಳು. ಒಂದೊಂದನ್ನೂ ಚಿಮಣಿಯ ಉರಿಗೆ ಹಿಡಿದು, ಮೆತ್ತಗಾದ ಕೂಡಲೇ ಬಗ್ಗಿಸಿ, ಒಂದರೊಳಗೊಂದು ಕೊಂಡಿ ಹಾಕಿದೆ. ಮೂರು ಬೆರಳು ಸುಟ್ಟುಕೊಂಡೆ. ನೀನು ಮಾಡುವಾಗ ಅಷ್ಟು ಸಲೀಸು ಅನಿಸುತ್ತಿತ್ತು, ನಿನ್ನ ಕೈಯಲ್ಲಿ ಏನಿದೆಯೋ! ಈಗ ಬೆಳಗಿನ ಬಿಸಿಲು ಬಾಗಿಲಿಗೆ ಬಿದ್ದರೆ ಪಡಸಾಲೆಯ ನೆಲದ ಮೇಲೆಲ್ಲ ಹಸಿರು, ಕೆಂಪು ಚುಕ್ಕೆ. ನೆರೆಮನೆಯ ಉಡಚವ್ವ ನೋಡಿ, ಯಾವ ಊರಿನ ಪೇಟೆಯಿಂದ ತಂದಿರಿ ಎಂದು ಕೇಳಿದಳು. ನಮ್ಮ ಸೊಸೆಯ ವಿದ್ಯೆ ಎಂದೆ. ನಿನ್ನೆ ಆಷಾಢದ ಕೊನೆಯ ಮಂಗಳವಾರ, ಓಣಿಯ ಹುಡುಗಿಯರೆಲ್ಲ ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಅಂಟಿಸಿ ನಮ್ಮ ಪಡಸಾಲೆಗೇ ತಂದು ಕೂರಿಸಿದರು. ಇಡೀ ಓಣಿಯಲ್ಲಿ ಇದೇ ಚಂದದ ಮನೆಯಂತೆ. ನನಗಂತೂ ಸಂಶಯವಿರಲಿಲ್ಲ.

ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಬೇಕೆಂದಿದ್ದೇನೆ. ಜೋಳದ ಅಳ್ಳು ಇವತ್ತೇ ಹುರಿದೆ, ಮಲ್ಲಿಗೆಯ ಹಾಗೆ ಅರಳಿವೆ. ಶೇಂಗಾ ನಮ್ಮ ಹೊಲದ್ದು, ಬೆಲ್ಲ ಮಾತ್ರ ರೋಣದ ಸಂತೆಯದು. ಪಾಕ ಎಷ್ಟು ಗಟ್ಟಿಯಾಗಬೇಕೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಒಂದು ಬುಟ್ಟಿ ತುಂಬ ನಿನಗೆ ಕಳಿಸುತ್ತೇನೆ. ಉಂಡಿ ತವರಿನಿಂದ ಅತ್ತೆಯ ಮನೆಗೆ ಬರುತ್ತದೆ, ಅತ್ತೆಯ ಮನೆಯಿಂದ ತವರಿಗೆ ಹೋದದ್ದನ್ನು ಈ ಊರು ಕಂಡಿಲ್ಲ ಎಂದು ಉಡಚವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಈ ವರ್ಷ ಕಾಣಲಿ ಎಂದೆ. ಅಮಾವಾಸ್ಯೆ ಕಳೆದ ಮೇಲೆ ಹೇಮಪ್ಪ ಬುಟ್ಟಿ ಹೊತ್ತು ಬಸ್ಸಿಗೆ ಬರುತ್ತಾನೆ. ಹಬ್ಬ ಅಲ್ಲೇ ಮಾಡಿ, ಜೋಕಾಲಿ ಆಡಿ, ಅವನ ಜೊತೆ ಬಂದುಬಿಡು. ಅತ್ತೆ ದೊಡ್ಡ ಮನಸ್ಸು ಮಾಡಿದ್ದಾಳೆ ಎಂದು ದೊಡ್ಡವ್ವನವರಿಗೆ ತಿಳಿಸು. ನಿನ್ನ ಮಾವನ ಆಶೀರ್ವಾದ, ದೊಡ್ಡವ್ವನವರಿಗೆ ನನ್ನ ಶರಣು. ಹೇಮಪ್ಪನೂ ಏನೋ ಹೇಳಲು ಬಂದು ನಿಂತಿದ್ದ, ನಾಚಿಕೊಂಡು ಹೋದ.

ನಿನ್ನ ಒಳಿತನ್ನೇ ಬಯಸುವ ಅತ್ತೆ,
ಸಣ್ಣವ್ವ

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಗಜೇಂದ್ರಗಡಕ್ಕೆ ಬಳೆ ಮಾರಲು ಹೊರಟ ಜಮಾಲಬಿ ಪತ್ರ ಒಯ್ಯಲು ಬಾಗಿಲಲ್ಲಿ ನಿಂತಿದ್ದಾಳೆ. ಇವಳ ಕೈಯಲ್ಲಿ ನಿನಗೊಂದು ಕುಬಸದ ಖಣ ಕಳಿಸೋಣವೆಂದು ಈಗಷ್ಟೇ ಟ್ರಂಕು ತೆಗೆದೆ. ಅವ್ವನ ಸೀರೆ ಇರಬೇಕಾದ ಜಾಗದಲ್ಲಿ, ಬೇವಿನ ಎಲೆಗಳ ನಡುವೆ, ನೀಟಾಗಿ ಮಡಚಿದ ಒಂದು ಕರಿ ಹರಕು ಸೀರೆ ಇದೆ. ಕೌದಿಗೆಂದು ನಾನೇ ತೆಗೆದಿಟ್ಟಿದ್ದ ನಾನು ಹೊಲದ ಕೆಲಸಕ್ಕೆ ಉಡುತ್ತಿದ್ದ ಸೀರೆ. ಚೈತ್ರದಲ್ಲಿ, ನೀನು ಲಗ್ನವಾಗಿ ಬಂದ ಹೊಸತರಲ್ಲಿ, ಮಾಳಿಗೆ ಮೇಲೆ ಅರಿವೆ ಬಿಸಿಲಿಗೆ ಹಾಕಿದ್ದಾಗ ದಪ್ಪ ಹನಿ ಬಿದ್ದವು. ನಾನೇ ಎಲ್ಲ ಬಾಚಿ ತಂದು, ಕತ್ತಲೆ ಕೋಣೆಯಲ್ಲಿ ನಾನೇ ಬೇರೆ ಮಾಡಿದೆ. ಹರಕನ್ನು ಟ್ರಂಕಿಗೆ ಹಾಕಿ ಅವ್ವನ ಸೀರೆಯನ್ನು ಗಂಟಿಗೆ ಕಟ್ಟಿದವಳು ನಾನು. ನೀನು ಟ್ರಂಕು ಮುಟ್ಟಿಯೇ ಇರಲಿಲ್ಲ.

ಮೇಲೆ ಬರೆದದ್ದನ್ನೆಲ್ಲ ಹರಿದು ಹಾಕೋಣ ಅನಿಸಿತು. ಹರಿಯುವುದಿಲ್ಲ, ನಿನ್ನ ಅತ್ತೆಯ ಜಂಬ ಎಷ್ಟಿತ್ತೆಂದು ನೀನು ಓದಬೇಕು. ಅಂದು ಕೌದಿಗೆ ಕೂತಿದ್ದ ನಾಲ್ವರನ್ನೂ ಕೂಗಿ ಕರೆದೆ. ಉಡಚವ್ವನೂ ಇದ್ದಾಳೆ, ಹೇಮಪ್ಪನೂ ಇದ್ದಾನೆ. ಆ ಹರಕು ಸೀರೆ ಎತ್ತಿ ಹಿಡಿದು, "ತಪ್ಪು ನಂದು, ಅಂದದ್ದು ಆ ತಾಯಿಲ್ಲದ ಕೂಸಿಗೆ" ಎಂದೆ. ಉಡಚವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೇಮಪ್ಪ ಉಂಡಿ ಕೊಡಲು ಬರುತ್ತಾನೆ, ಕರೆಯಲು ಅಲ್ಲ. ಅವನ ಜೊತೆ ಬರಬೇಡ. ಹಬ್ಬದ ಮರುದಿನ ನಾನೇ ಬರುತ್ತೇನೆ. ಸೊಸೆಯನ್ನು ಕರೆಯಲು ಅತ್ತೆ ಬೀಗರ ಊರಿಗೆ ಹೋಗುವುದಿಲ್ಲ ಎಂಬ ಪದ್ಧತಿ ಇದ್ದರೆ ಇರಲಿ. ನಿನ್ನ ದೊಡ್ಡವ್ವನ ಎದುರು ಕೂತು, ಆವತ್ತು ಏನೆಂದೆನೋ ಅದನ್ನೂ ಹೇಳುತ್ತೇನೆ, ಇವತ್ತಿನದನ್ನೂ ಹೇಳುತ್ತೇನೆ. ಆಮೇಲೆ ಬರುವುದು ಬಿಡುವುದು ನಿನ್ನ ಇಷ್ಟ. ನಿನ್ನ ತಾಯಿ ಇದ್ದಿದ್ದರೆ ನನಗೆ ಏನನ್ನುತ್ತಿದ್ದಳೋ, ಅದನ್ನು ಅವಳ ಬದಲು ನೀನೇ ಅಂದುಬಿಡು, ಕೇಳಿಸಿಕೊಳ್ಳುತ್ತೇನೆ.