ಒಳಗಿದ್ದ ಅಳಿಲಿನ ನಿದ್ದೆ

ಅಕ್ಕಾ,

ನಿನ್ನ ವಿಳಾಸ ಯಾರಲ್ಲೂ ಇಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮಕ್ಕಳನ್ನು ಸರಿ ತಪ್ಪಿನ ಯೋಚನೆಗೆ ಹಚ್ಚುವ ಆಡಿಯೊ ಕಾರ್ಯಕ್ರಮವೊಂದರಲ್ಲಿ ನಾನೀಗ ಕಥೆ ಹೇಳುತ್ತೇನೆ. ಹೂಂಗುಟ್ಟುವವರಿಲ್ಲದೆ ನನ್ನ ಕಥೆ ಮುಂದೆ ಸಾಗುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ರೆಕಾರ್ಡಿಂಗ್ ಮಾಡುವವಳು ತನ್ನ ಪುಟ್ಟ ಮಗಳನ್ನು ನನ್ನೆದುರು ಕೂರಿಸಿದ್ದಳು.

ಇವತ್ತು ನೀನು ಹೇಳುತ್ತಿದ್ದ ಅಳಿಲಿನ ಕಥೆ ಹೇಳಿದೆ. ಅಕ್ಕ ಅಳಿಲು ಜಗಳವಾಡಿ ಮನೆ ಬಿಟ್ಟು ಹೋಗುತ್ತದೆ. ಅದರ ಹೊಸ ಮರ ಗಾಳಿಗೆ ಉರುಳಿದಾಗ ಮರಳಿ ಬಂದು ಬಾಗಿಲು ತಟ್ಟುತ್ತದೆ. ತಮ್ಮ ಅಳಿಲು ತೆಗೆಯುವುದಿಲ್ಲ. ಅಲ್ಲಿಯವರೆಗೆ ಚೆನ್ನಾಗಿ ಹೂಂಗುಟ್ಟುತ್ತಿದ್ದ ಹುಡುಗಿ ಸುಮ್ಮನಾದಳು.

“ಹೂಂ ಅನ್ನಮ್ಮಾ, ಕಥೆ ಮುಗೀತು.”

“ಊಹೂಂ. ಒಳಗಿದ್ದ ಅಳಿಲಿಗೆ ಆಮೇಲೆ ನಿದ್ದೆ ಬಂತಾ, ತಾತ?”

ಮಾತಿನ ಮಲ್ಲನೆಂದು ಹೆಸರಾದ ನನಗೆ ಬಾಯಿ ಕಟ್ಟಿತು.

“ಏನಾದ್ರೂ ಹೇಳಿ, ಇಲ್ಲಾಂದ್ರೆ ಆ ಖಾಲಿ ಜಾಗ ಕತ್ತರಿಸ್ಬೇಕಾಗುತ್ತೆ” ಎಂದಳು ಅವಳಮ್ಮ.

“ಕತ್ತರಿಸ್ಬೇಡ. ಕೇಳೋ ಮಕ್ಕಳೂ ಅಷ್ಟು ಹೊತ್ತು ಯೋಚನೆ ಮಾಡ್ಲಿ” ಎಂದೆ.

ಹೊರಡುವಾಗ ಹುಡುಗಿ ನನ್ನ ಬೆರಳು ಹಿಡಿದು, “ಪರವಾಗಿಲ್ಲ ತಾತ, ಮುಂದಿನ ಸಲ ಬಾಗಿಲು ತೆಗೆಸಿಬಿಡಿ” ಎಂದು ಸಮಾಧಾನ ಮಾಡಿದಳು.

ಆ ಕಥೆ ಹೇಳುವಾಗ ನೀನು ನೆಲಕ್ಕೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದೆ. ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಕೊನೆಯ ಸಲ ನೀನು ಮನೆಗೆ ಬಂದು ಬಾಗಿಲು ತಟ್ಟಿದಾಗಲೂ ಒಳಗಿದ್ದ ನನಗೆ ಗುರುತು ಸಿಕ್ಕಿತ್ತು.

ಈಗ ನನ್ನ ಹಾಸಿಗೆ ಬಾಗಿಲ ಪಕ್ಕದಲ್ಲೇ ಇದೆ, ಅಕ್ಕಾ. ಚಿಲಕ ಹಾಕುವುದಿಲ್ಲ.