ಬಿಚ್ಚುವ ಕೈ

ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ಒಂಬತ್ತನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಊರವರಿಗೆಲ್ಲ ಮದ್ದು ಹೇಳಿ ನಿನ್ನದನ್ನು ಮರೆಯುತ್ತೀಯೋ? ದಾದಿಯರ ಬುದ್ಧಿಯೇ ಅಷ್ಟು. ನಾನು ಚೆನ್ನಾಗಿದ್ದೇನೆ. ಇವತ್ತು ಉಪವಾಸ. ನೀರು ತುಂಬಿಸಿ, ಅಂಗಡಿ ಗುಡಿಸಿ, ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಅಯಸ್ಕಾಂತದಲ್ಲಿ ಆಯ್ದು, ಮೆಷಿನ್ನಿಗೆ ಎಣ್ಣೆ ಬಿಟ್ಟು, ದೇವರಿಗೆ ದೀಪ ಹಚ್ಚಿ ಈಗ ಕೂತಿದ್ದೇನೆ. ಹೊಟ್ಟೆ ಖಾಲಿ ಇದ್ದಾಗ ನನಗೆ ಸುಳ್ಳು ಬರೆಯಲು ಬರುವುದಿಲ್ಲ, ಅದಕ್ಕೇ ಈ ಕಾಗದವನ್ನು ಇವತ್ತಿಗೆಂದು ಎತ್ತಿಟ್ಟಿದ್ದೆ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಗುಡ್ಡದ ಮೇಲಿನ ಹೊಸ ಹೆರಿಗೆ ಆಸ್ಪತ್ರೆಗೆ ನಿನ್ನನ್ನೇ ಮುಖ್ಯ ದಾದಿಯಾಗಿ ಬಾ ಎಂದು ಕರೆದಿದ್ದಾರೆ. ನೀನು ಮೂರು ಸಲ ಪೆಟ್ಟಿಗೆ ಕಟ್ಟಿ, ಮೂರು ಸಲವೂ ಬಸ್ಸಿನ ಮೆಟ್ಟಿಲಿಂದ ವಾಪಸು ಬಂದೆಯಂತೆ. ‘ಅಮ್ಮನ ಕೋಟು ತೊಟ್ಟ ಕೂಡಲೇ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಗುತ್ತೆ ಕಣೇ’ ಎಂದು ಬರೆದಿದ್ದೀಯ. ತಿಂಗಳ ಕೊನೆಯೊಳಗೆ ಹೋಗದಿದ್ದರೆ ಆ ಜಾಗ ಬೇರೆಯವರ ಪಾಲು. ಕೋಟು ಬಿಟ್ಟು ಹೋಗು ಎಂದು ಹೇಳುವುದು ಸುಲಭ. ನೀನು ಕೇಳುವವಳಲ್ಲ. ಅದು ಅಮ್ಮ ನಿನಗೆಂದು ಹೊಲಿದು ಕಳಿಸಿದ ಕೊನೆಯ ಕೋಟು, ಮೇಲಾಗಿ ಅಲ್ಲಿ ಹಲ್ಲು ಕಡಿಸುವ ಚಳಿ. ಕೊನೆಗೆ ಸಣ್ಣಕ್ಷರದಲ್ಲಿ ಒಂದು ಮಾತು ಕೇಳಿದ್ದೀಯ: ‘ನಾನು ಮನೆ ಬಿಟ್ಟು ಬಂದೆ ಅಂತ ಅಮ್ಮನಿಗೆ ಅಷ್ಟು ಸಿಟ್ಟಿತ್ತೇನೇ?’ ಅದಕ್ಕೆ ಉತ್ತರ ಕೊಡುತ್ತೇನೆ. ಮೊದಲು ಇಲ್ಲಿಯ ಸುದ್ದಿ ಕೇಳು.

ನಮ್ಮ ಮನೆಯ ಕೈಗುಣ ಇಳಿಯುತ್ತಾ ಬಂದದ್ದು ನಿನಗೆ ಗೊತ್ತೇ ಇದೆ. ಅಜ್ಜಿ ಹೊಲಿದ ಅಂಗಿ ತೊಟ್ಟವರ ಹತ್ತಿರ ಜ್ವರ ಸುಳಿಯುತ್ತಿರಲಿಲ್ಲ. ದೋಣಿ ನಡೆಸುವವರು ನೀರಿನ ಚಳಿಜ್ವರಕ್ಕೆ ಹೆದರಿ ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಅಮ್ಮನ ಕಾಲಕ್ಕೆ ಜ್ವರ ತಡೆಯುವ ಶಕ್ತಿ ಹೋಯಿತು. ಹೊಲಿಯುವಾಗ ಮನಸ್ಸಿನಲ್ಲಿ ಏನಿತ್ತೋ ಅದು ಬಟ್ಟೆಯಲ್ಲಿ ಉಳಿಯುತ್ತಿತ್ತು, ಅಷ್ಟೇ. ಅದಕ್ಕೇ ಅಲ್ಲವೇ ಮನೆಯ ಆ ಕಟ್ಟಳೆ, ಸಿಟ್ಟು ಬಂದ ದಿನ ಸೂಜಿಯನ್ನು ಕಿಟಕಿಯ ಮೇಲಿನ ಸೋಪಿನ ತುಂಡಿಗೆ ಚುಚ್ಚಿಟ್ಟು ಹೊರಗೆ ಹೋಗಬೇಕು ಎನ್ನುವುದು. ನೀನೂ ನಾನೂ ಜಗಳವಾಡಿದ ವಾರಗಳಲ್ಲಿ ಆ ಸೋಪು ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು. ನನ್ನ ಪಾಲಿಗೆ ಉಳಿದದ್ದು ಗುಂಡಿ. ನಾನು ಹಾಕಿದ ಗುಂಡಿ ಅಂಗಿ ಚಿಂದಿಯಾದರೂ ಬೀಳುವುದಿಲ್ಲ. ಚಿಕ್ಕಪ್ಪ ಇಡೀ ಬೀದಿಗೆ ಕೇಳುವಂತೆ ‘ಆನೆ ಹೋಯ್ತು, ಬಾಲ ಉಳೀತು’ ಎಂದಿದ್ದು ನನಗೆ ಇನ್ನೂ ನೆನಪಿದೆ. ದೇವರು ಕೊಟ್ಟದ್ದು ಇಷ್ಟೇ ಎಂದು ಸುಮ್ಮನಿದ್ದೆ.

ಇನ್ನು ನನ್ನ ಮಗಳು, ನೀನು ಕಾಗದದಲ್ಲಿ ‘ಗಡಿಬಿಡಿ’ ಎಂದು ಹೆಸರಿಟ್ಟವಳು. ಇಪ್ಪತ್ತೆರಡು ತುಂಬಿತು. ಅವಳು ಹಾಕಿದ ಹೊಲಿಗೆ ಕುಡುಕ ಮನೆಗೆ ಹೋದ ದಾರಿಯ ಹಾಗಿರುತ್ತದೆ. ಬಾಲವೂ ಉಳಿಯಲಿಲ್ಲ ಎಂದುಕೊಂಡು ಅವಳನ್ನು ಹಳೆಯ ಬಟ್ಟೆಯ ಹೊಲಿಗೆ ಬಿಚ್ಚುವ ಕೆಲಸಕ್ಕೆ ಕೂರಿಸಿದ್ದೆ. ಎರಡು ತಿಂಗಳ ಹಿಂದೆ ಮೇಷ್ಟ್ರು ಬಂದರು. ಹೆಂಡತಿ ಹೋಗಿ ವರ್ಷವಾದರೂ ಕಣ್ಣಲ್ಲಿ ಒಂದು ಹನಿ ಹಾಕದೆ, ಆಕೆ ಹೊಲಿದ ಬೂದು ಕೋಟನ್ನು ಬಿಸಿಲಲ್ಲೂ ತೊಟ್ಟು ತಿರುಗುತ್ತಿದ್ದವರು. ತೋಳು ಉದ್ದ ಮಾಡಿಕೊಡಿ ಎಂದರು. ಗಡಿಬಿಡಿ ಬ್ಲೇಡು ಹಿಡಿದು ತೋಳಿನ ಅಂಚು ಬಿಚ್ಚಿದಳು. ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತರು. ಒಂದು ಗಂಟೆ ಅತ್ತರು. ಆಮೇಲೆ ಮೂಗು ಒರೆಸಿಕೊಂಡು ‘ಟೀ ಸಿಗುತ್ತಾ?’ ಎಂದರು. ಮರುದಿನ ಬರೀ ಅಂಗಿಯಲ್ಲಿ ಪೇಟೆಗೆ ಹೋದರು.

ನಾನು ಏನು ಮಾಡಿದೆ ಕೇಳು. ಅವಳನ್ನು ಬೈದೆ. ಗಿರಾಕಿಯನ್ನು ಅಳಿಸಿದೆ ಎಂದು ಬೈದೆ. ಚಿಕ್ಕಪ್ಪನಂತೂ ‘ಹೊಲಿಯೋರ ಮನೇಲಿ ಬಿಚ್ಚೋಳು ಹುಟ್ಟಿದ್ಲು, ಇನ್ನು ಅಂಗಡಿಗೆ ಬೀಗವೇ ಗತಿ’ ಎಂದು ಕಂಡವರಿಗೆಲ್ಲ ಹೇಳಿದ. ಹುಡುಗಿ ಬ್ಲೇಡನ್ನು ಡಬ್ಬಿಗೆ ಹಾಕಿ, ಒಂದು ತಿಂಗಳು ತಲೆ ಬಗ್ಗಿಸಿಕೊಂಡು ಉಂಡೆದ್ದಳು. ಅಷ್ಟು ಮಾತಾಡುವ ಹುಡುಗಿ. ಆಗ ದೇವರ ಮುಂದೆ ಕೂತು ಯೋಚಿಸಿದೆ. ಅಜ್ಜಿಯಿಂದ ಇಲ್ಲಿಯ ತನಕ ನಾವು ಕಟ್ಟಿದ್ದೇ ಕಟ್ಟಿದ್ದು. ಕಟ್ಟಿದ್ದರಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಬಿಚ್ಚುವವರು ಒಬ್ಬರಾದರೂ ಬೇಡವೇ? ಕೈಗುಣ ಸವೆದಿಲ್ಲ ಅಕ್ಕಾ, ಮಗ್ಗುಲು ಬದಲಿಸಿದೆ. ನನ್ನ ಮೆಷಿನ್ನನ್ನು ಮೂಲೆಗೆ ಸರಿಸಿ, ಬೆಳಕು ಬೀಳುವ ಕಿಟಕಿಯ ಪಕ್ಕ ಅವಳ ಕುರ್ಚಿ ಹಾಕಿದೆ. ಚಿಕ್ಕಪ್ಪನಿಗೆ ‘ನಿನಗೂ ಒಂದು ಬಿಚ್ಚಿಸಬೇಕಿದ್ರೆ ಸಾಲಲ್ಲಿ ನಿಲ್ಲು’ ಎಂದೆ. ಅವನು ಇನ್ನೂ ಬಾಯಿ ಮುಚ್ಚಿಲ್ಲ, ನಾನೂ ಕುರ್ಚಿ ಎತ್ತಿಲ್ಲ.

ಈಗ ನಿನ್ನ ವಿಷಯ. ಕೋಟು ಕಳಿಸು. ಹೊರಮೈಯ ಒಂದು ನೂಲನ್ನೂ ಮುಟ್ಟುವುದಿಲ್ಲ. ಒಳಗಿನ ಲೈನಿಂಗನ್ನು ಮಾತ್ರ ಗಡಿಬಿಡಿ ಬಿಚ್ಚುತ್ತಾಳೆ, ಹೊಸದನ್ನು ನಾನು ಹಾಕುತ್ತೇನೆ. ಇಪ್ಪತ್ತನೇ ತಾರೀಕಿನೊಳಗೆ ಕೋಟು ನಿನ್ನ ಕೈಯಲ್ಲಿರುತ್ತದೆ, ಇಪ್ಪತ್ತೈದಕ್ಕೆ ನೀನು ಬಸ್ಸಿನಲ್ಲಿರುತ್ತೀಯ. ಬೇಡ ಎಂದು ಬರೆಯಬೇಡ. ನಾನು ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಹುಟ್ಟಿದ ಮೇಲೆ ಇದೊಂದು ಸಲ ನಾನೇ ಅಕ್ಕ ಎಂದುಕೋ.

ಗಡಿಬಿಡಿ ದೊಡ್ಡಮ್ಮನಿಗೆ ನಮಸ್ಕಾರ ಹೇಳಿದ್ದಾಳೆ. ನಿನ್ನ ಕೈಯಲ್ಲಿ ಹುಟ್ಟುವ ಕೂಸುಗಳನ್ನೆಲ್ಲ ದೇವರು ಕಾಯಲಿ, ಅವುಗಳ ಜೊತೆಗೆ ನಿನ್ನನ್ನೂ.

ನಿನ್ನ ಕಾಲಿಗೆರಗುವ,
ತಂಗಿ

ತಾ. ಕ.: ಬಟ್ಟೆ ಲಾರಿಯ ಮೀಸೆ ಚಾಲಕ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೆ ಸಿಟ್ಟಿರಲಿಲ್ಲ. ಕೋಟಿನ ಹೊರಮೈ ಅಮ್ಮನದು, ಲೈನಿಂಗ್ ನನ್ನದು. ಆಗಲೇ ಅವಳ ಕಣ್ಣು ಮಂಜಾಗಿತ್ತು, ಕಪ್ಪು ಬಟ್ಟೆಯಲ್ಲಿ ಕಪ್ಪು ದಾರ ಕಾಣದೆ ನನ್ನ ಕೈಗೆ ಕೊಟ್ಟಳು. ಸೂಜಿಯನ್ನು ಸೋಪಿಗೆ ಚುಚ್ಚಿ ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಗುಂಡಿ ಹಾಕುವವಳ ಸಿಟ್ಟು ಯಾರಿಗೆ ತಟ್ಟುತ್ತದೆ ಎಂದುಕೊಂಡೆ. ‘ನನ್ನನ್ನು ಇಲ್ಲಿ ಬಿಟ್ಟು ಹೋದಳಲ್ಲ, ಇನ್ನು ಎಲ್ಲಿಗೂ ಹೋಗದಿರಲಿ’ ಎಂದು ಒಂದೊಂದು ಹೊಲಿಗೆಗೂ ಹೇಳಿಕೊಂಡೆ. ಮನೆಗೆ ಬರಬೇಕಾದರೂ ನೀನು ಅದೇ ಕೋಟು ತೊಟ್ಟು ಬಸ್ಸು ಹತ್ತಬೇಕು ಎಂಬುದು ನನಗೆ ಹೊಳೆಯಲಿಲ್ಲ. ಅಮ್ಮ ಹೋದಾಗಲೂ ನೀನು ಬರಲಿಲ್ಲ, ಕಲ್ಲುಮನಸ್ಸಿನವಳು ಎಂದು ಇಪ್ಪತ್ತಾರು ವರ್ಷ ನಿನ್ನನ್ನೇ ಬೈದೆ. ಹೋದ ವಾರ, ಆ ಲೈನಿಂಗ್ ಹಾಕಿದ ದಿನಗಳಲ್ಲೇ ನಾನು ಹೊಲಿದಿದ್ದ ಹಳೆಯ ದಿಂಬಿನ ಚೀಲವನ್ನು ಗಡಿಬಿಡಿ ಬಿಚ್ಚಿದಾಗ, ನನ್ನ ಬಾಯಿಂದ ಅದೇ ಮಾತು ಹೊರಬಂತು. ಆಗ ಗೊತ್ತಾಯಿತು. ಹೊಸ ಲೈನಿಂಗಿನ ಪ್ರತಿ ಹೊಲಿಗೆಗೂ ‘ಹೋಗಿ ಬಾ’ ಎನ್ನುತ್ತೇನೆ. ಹೊರಮೈಯನ್ನು ಕೆನ್ನೆಗೆ ಒತ್ತಿ ನೋಡು, ಅಲ್ಲಿ ಅಮ್ಮನಿದ್ದಾಳೆ. ಬೈಯುವುದಿದ್ದರೆ ಎರಡು ಹಾಳೆ ಬೈದು ಬರೆ. ಈ ಕಾಗದ ತರುವ ಮೀಸೆಯೇ ಶನಿವಾರ ಬೆಳಿಗ್ಗೆ ವಾಪಸು ಹೊರಡುವ ಮುಂಚೆ ನಿನ್ನ ಬಾಗಿಲಿಗೆ ಬರುತ್ತಾನೆ, ಕೋಟನ್ನೂ ಉತ್ತರವನ್ನೂ ಅವನ ಕೈಗೇ ಕೊಡು. ಎರಡೂ ಕೈಗೆ ಬರುವ ತನಕ ಅಲ್ಲಿಂದ ಕದಲಬೇಡ ಎಂದು ಅವನಿಗೆ ಹೇಳಿ ಕಳಿಸುತ್ತಿದ್ದೇನೆ.