ಎಂಟನೆಯ ದನಿಯಲ್ಲಿ ಬಂದ ಸಾಲು

ಸಾಲುಮನೆ, ಒಳಗೇರಿ
ಫೆಬ್ರವರಿ ಮೂವತ್ತು, ೨೩೬೪

ಆ ಒಂದು ಸಾಲನ್ನು ಬರೆದವರಿಗೆ ಅಮರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಕೊಟ್ಟಿದ್ದರಂತೆ, ಆ ಜಿಪುಣತನ ಯಾಕೋ ನನಗೆ ತಿಳಿಯದು. ನಾವು ಎಲ್ಲ ತಿಂಗಳಿಗೂ ಮೂವತ್ತು ಹಾಕಿ, ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬಿಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ಕಡತಗಳಲ್ಲಿ ಯಾರೂ ನಗುವುದಿಲ್ಲ, ಅಳುವುದಿಲ್ಲ, ಆದ್ದರಿಂದ ಅವೆರಡನ್ನು ಹೇಗೆ ಬರೆಯುತ್ತಿದ್ದಿರೋ ಗೊತ್ತಾಗಲಿಲ್ಲ. ನಿಮ್ಮ ಹೆಸರೂ ಗೊತ್ತಿಲ್ಲ. ಗಂಡಸೋ ಹೆಂಗಸೋ ಅದೂ ತಿಳಿಯದು.

ಒಳಗೇರಿ ನಮ್ಮ ಊರು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಸೀಮೆಯಲ್ಲಿ ಯಾರೋ ಯಾವಾಗಲೋ ಚಿನ್ನಕ್ಕೆಂದು ಅಗೆದು ಬಿಟ್ಟುಹೋದ ಗಣಿ. ಮೇಲಿನ ಬಿಸಿಲು ಮನುಷ್ಯರನ್ನು ಬಾಳಗೊಡದಂತಾದ ಮೇಲೆ ನಮ್ಮ ಹಿರಿಯರು ಗಂಟುಮೂಟೆ ಕಟ್ಟಿಕೊಂಡು ಇದರೊಳಗೆ ಇಳಿದರು. ಬೆಳಗಿನ ಜಾವ ಎರಡು ತಾಸು ಮೇಲೆ ಹೋಗಿ ಸಜ್ಜೆಯ ಹೊಲ ನೋಡಿಕೊಂಡು, ಸೂರ್ಯ ಮೂಡುವಷ್ಟರಲ್ಲಿ ಕೆಳಗೆ ಬಂದುಬಿಡುತ್ತೇವೆ. ಆ ಎರಡು ತಾಸಿಗೆ ತಂಪು ಎಂದು ಹೆಸರು. ದಿನಗಳನ್ನೂ ತಂಪಿನಿಂದಲೇ ಎಣಿಸುತ್ತೇವೆ. ನಮ್ಮ ಕುರಿಗಳಿಗೆ ಕಣ್ಣು ಮಂದ, ಕಿವಿ ಚುರುಕು. ಮಕ್ಕಳಿಗೂ ಹೆಚ್ಚುಕಡಿಮೆ ಹಾಗೆಯೇ. ಊರಿನ ಕೆಳಗೆ ಇನ್ನೊಂದು ಹಾದಿಯಿದೆ, ಅದರ ಕೆಳಗೆ ನೀರು. ಆ ಹಾದಿಯುದ್ದಕ್ಕೂ ನಿಮ್ಮ ಕಾಲದವರು ಕೂರಿಸಿದ ಕಬ್ಬಿಣದ ಬಾಗಿಲುಗಳಿವೆ. ಒಂದೊಂದು ಬಾಗಿಲಿಗೂ ಎದುರುಬದುರಾಗಿ ಎರಡು ಕದ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಎರಡರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಈ ಬಾಗಿಲುಗಳನ್ನು ಕಾಯುವ ಪ್ರೋಗ್ರಾಮ್ ನಿಮ್ಮದು. ಇಷ್ಟು ವರ್ಷವಾದರೂ ಓಡುತ್ತಲೇ ಇದೆ. ಅದಕ್ಕೆ ಶಹಭಾಸ್ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಬಾಯಿ ಬರಲಿಲ್ಲ.

ಸಾಲುಮನೆ ಎಂದರೆ ನೀವು ಸಿಸ್ಟಮ್ ಲಾಗ್ ಎನ್ನುತ್ತಿದ್ದುದು. ಊರಿನಲ್ಲಿ ಓಡುವ ಪ್ರತಿಯೊಂದು ಯಂತ್ರವೂ ತನಗೇನಾಯಿತೆಂದು ಒಂದೊಂದು ಸಾಲು ಬರೆದು ಇಲ್ಲಿಗೆ ಕಳಿಸುತ್ತದೆ. ಒಲೆ ಹೊತ್ತಿತು, ಪಂಪು ನಿಂತಿತು, ಗಾಳಿ ಕಡಿಮೆಯಾಯಿತು, ತೊಟ್ಟಿಲಲ್ಲಿ ಮಗು ಮಲಗಿತು. ಮನುಷ್ಯರು ಹುಟ್ಟಿದಾಗ ಒಂದು ಸಾಲು, ಸತ್ತಾಗ ‘ಮುಗಿಯಿತು’ ಎಂದು ಇನ್ನೊಂದು. ಆ ಕೊನೆಯ ಸಾಲು ಬಾರದೆ ನಮ್ಮಲ್ಲಿ ಯಾರಿಗೂ ಮಣ್ಣು ಕೊಡುವಂತಿಲ್ಲ, ತಿಥಿ ಮಾಡುವಂತಿಲ್ಲ. ಕಳಿಸುವ ಯಂತ್ರಕ್ಕೆ ತನ್ನ ಸಾಲು ತಲುಪಿತೋ ಇಲ್ಲವೋ ಎಂಬ ಚಿಂತೆಯಿಲ್ಲ. ಕಳಿಸುತ್ತದೆ, ಮರೆಯುತ್ತದೆ. ಚಿಂತೆಯೆಲ್ಲ ಓದುವವರಿಗೆ ಬಿಟ್ಟದ್ದು, ಅಂದರೆ ನನ್ನಂಥವರಿಗೆ.

ಸಾಲುಗಳಿಗೆ ಎಂಟು ದನಿ. ನೀವೇ ಇಟ್ಟ ಮಟ್ಟಗಳು, ನಾವು ಹೆಸರು ಮಾತ್ರ ಬದಲಿಸಿದೆವು. ಮೊದಲನೆಯ ದನಿ ಕೂಗು. ಕೂಗು ಬಂದರೆ ಗಂಟೆ ಬಾರಿಸಬೇಕು, ಇಡೀ ಊರು ಉಣ್ಣುವ ತಟ್ಟೆ ಬಿಟ್ಟು ಎದ್ದು ಓಡಬೇಕು. ಎಂಟನೆಯದು ಗೊಣಗು. ಯಂತ್ರ ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ಮಾತದು. ಗೊಣಗನ್ನು ಓದುವ ಪದ್ಧತಿಯಿಲ್ಲ, ಮಡಚುವ ಪದ್ಧತಿ. ಒಂದೇ ಸಾಲು ಮತ್ತೆ ಮತ್ತೆ ಬಂದರೆ ಅಷ್ಟನ್ನೂ ಮಡಚಿ, ‘ಹಿಂದಿನ ಸಾಲೇ ಮತ್ತೆ ಇಷ್ಟು ಸಲ’ ಎಂದು ಬರೆದು ರುಜು ಹಾಕಿದರೆ ಮುಗಿಯಿತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಒಂದು ಗೊಣಗನ್ನು ಹಿಡಿದುಕೊಂಡು ಸಾಲುಮನೆಯ ಹಿರಿಯರಾದ ತಾಯಪ್ಪಜ್ಜನ ಹತ್ತಿರ ಓಡಿದ್ದೆ. ಅಜ್ಜ ಕನ್ನಡಕವನ್ನೂ ತೆಗೆಯಲಿಲ್ಲ.

“ಗೊಣಗೋದನ್ನ ಯಾರು ಓದತಾರವ್ವಾ. ಮಡಚಿ ಇಡು.”

ಹದಿನಾರು ವರ್ಷ ಮಡಚಿದೆ. ನನ್ನಷ್ಟು ಚೊಕ್ಕಟವಾಗಿ ಮಡಚುವವರು ಸಾಲುಮನೆಯಲ್ಲೇ ಇಲ್ಲ ಎಂಬ ಜಂಬವೂ ಇತ್ತು.

ಈಗ ನನ್ನ ತಂಗಿಯ ವಿಷಯ. ಅವಳ ಹೆಸರು ಹುಲಿಗೆಮ್ಮ, ಮನೆಯಲ್ಲಿ ಹುಲಿಗಿ. ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುವ ಕೆಲಸ ಅವಳದು. ಬಾಯಿಬಡಕಿ, ಹಟಮಾರಿ. ಮನೆಯ ಬಾಗಿಲು ತೆರೆದೇ ಇದ್ದರೂ ಮೂರು ಸಲ ತಟ್ಟಿ, ಸ್ವಲ್ಪ ನಿಂತು, ಮತ್ತೆ ಮೂರು ಸಲ ತಟ್ಟಿ ಒಳಗೆ ಬರುವ ಚಾಳಿ. ಎಷ್ಟು ಬೈದರೂ ಬಿಡಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಎಣ್ಣೆಯ ಡಬ್ಬ ಸೊಂಟಕ್ಕೆ ಸಿಗಿಸಿಕೊಂಡು ಕೆಳಗಿನ ಹಾದಿಗೆ ಹೊರಟವಳು ಹೊಸ್ತಿಲಲ್ಲಿ ತಿರುಗಿ ನಿಂತು ಹೇಳಿದ್ದು ಇಷ್ಟೇ.

“ಅಕ್ಕಾ, ನನ್ನ ಪಾಲಿನ ರೊಟ್ಟಿ ಮುಚ್ಚಿಡು. ಬಂದು ಉಣ್ತೀನಿ.”

ಅವಳು ಹೋದ ಎರಡು ತಾಸಿಗೆ ನಾನು ಸಾಲುಮನೆಯಲ್ಲಿ ಕೂತಿದ್ದೆ. ಬಾಗಿಲು ಕಾಯುವ ನಿಮ್ಮ ಪ್ರೋಗ್ರಾಮಿನಿಂದ ಒಂದು ಸಾಲು ಬಂತು. ನಿಮ್ಮ ಇಂಗ್ಲಿಷಿನಲ್ಲಿತ್ತು. ನಮ್ಮ ಮಾತಿಗೆ ತಂದರೆ, ‘ಇದು ಆಗಬಾರದಿತ್ತು’. ಅಷ್ಟೇ. ಯಾವುದು ಆಗಬಾರದಿತ್ತು, ಎಲ್ಲಿ, ಯಾರಿಗೆ, ಏನೂ ಇಲ್ಲ. ಎಂಟನೆಯ ದನಿ. ಮತ್ತೆ ಬಂತು. ಮತ್ತೆ ಮತ್ತೆ ಬಂತು. ನಾನು ಪದ್ಧತಿಯ ಪ್ರಕಾರ ಮಡಚಿ, ‘ಹಿಂದಿನ ಸಾಲೇ ಮತ್ತೆ ಇನ್ನೂರ ಹನ್ನೆರಡು ಸಲ’ ಎಂದು ಬರೆದು, ರುಜು ಹಾಕಿ, ಮನೆಗೆ ಹೋಗಿ ಊಟ ಮಾಡಿದೆ. ಅವಳ ರೊಟ್ಟಿಯನ್ನು ಮುಚ್ಚಿಟ್ಟೆ.

ಸಂಜೆಯಾದರೂ ಬರಲಿಲ್ಲ. ಊರಿನವರೆಲ್ಲ ಕೆಳಗಿಳಿದು ಬಾಗಿಲುಗಳನ್ನು ಒಂದನೆಯದರಿಂದ ಬಿಚ್ಚುತ್ತ ಹೋದೆವು. ಬೀಗ ಬಿದ್ದ ಕದವನ್ನು ಕೈಯಿಂದ ಬಿಚ್ಚಲು ಅರ್ಧ ದಿನ ಬೇಕು. ನಮ್ಮ ನಕ್ಷೆಯಲ್ಲಿರುವ ಬಾಗಿಲುಗಳು ನಲವತ್ತೊಂದು. ಮೂರು ವಾರ ಹಿಡಿಯಿತು. ನಲವತ್ತೊಂದರಲ್ಲೂ ಅವಳಿರಲಿಲ್ಲ.

ಆಮೇಲೆ ತಾಯಪ್ಪಜ್ಜ ನಿಮ್ಮ ಪ್ರೋಗ್ರಾಮಿನ ಬರಹವನ್ನೇ ತೆಗೆಸಿ, ತಿಂಗಳುಗಟ್ಟಲೆ ಕೂತು ಓದಿದರು. ಆ ಸಾಲು ಹೊರಡುವುದು ಒಂದೇ ಸಂದರ್ಭದಲ್ಲಂತೆ. ಎರಡೂ ಕದ ಮುಚ್ಚಿಕೊಂಡು, ನಡುವೆ ಯಾರೋ ಸಿಕ್ಕಿಕೊಂಡು, ಒಳಗಿನಿಂದ ಕದ ತಟ್ಟಿದಾಗ. ಒಂದು ತಟ್ಟಿಗೆ ಒಂದು ಸಾಲು. ಹಾಗಾಗುವುದು ಸಾಧ್ಯವೇ ಇಲ್ಲವೆಂದು ನಿಮಗೆ ಅನ್ನಿಸಿರಬೇಕು. ಆದ್ದರಿಂದ ಬಾಗಿಲ ನಂಬರು ಹಾಕಲಿಲ್ಲ, ಕದ ತೆರೆಯಿರಿ ಎಂದು ಹೇಳಲಿಲ್ಲ, ಎಂಟನೆಯ ದನಿ ಕೊಟ್ಟು ಮುಂದೆ ಹೋದಿರಿ. ಅದರ ಕೆಳಗೆ, ಯಂತ್ರ ಓದದ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದೀರಿ: ‘ಆಮೇಲೆ ನೋಡೋಣ’. ನೀವು ನಮ್ಮವರೆಂದು ಗೊತ್ತಾದದ್ದು ಅದರಿಂದಲೇ. ನಿಮ್ಮ ಮೇಲೆ ಸಿಟ್ಟು ಬಂದದ್ದೂ ಅದರಿಂದಲೇ. ಆ ದಿನ ನಿಮಗೆ ಹಸಿವಾಗಿತ್ತೋ, ಮನೆಗೆ ಹೋಗುವ ಬಸ್ಸು ತಪ್ಪುತ್ತಿತ್ತೋ ಗೊತ್ತಿಲ್ಲ. ನಾನೂ ಅವತ್ತು ಊಟಕ್ಕೇ ಎದ್ದವಳು. ಹೆಚ್ಚು ಬೈಯುವ ಹಕ್ಕು ನನಗಿಲ್ಲ.

ಅದೇ ಬರಹದಲ್ಲಿ ಇನ್ನೊಂದು ಸಂಗತಿಯಿತ್ತು. ನಿಮ್ಮ ಎಣಿಕೆಯಲ್ಲಿ ಬಾಗಿಲುಗಳು ನಲವತ್ತೆರಡು. ಒಂದು ಬಾಗಿಲು ನಿಮ್ಮ ಪ್ರೋಗ್ರಾಮಿಗೆ ಗೊತ್ತು, ನಮಗೆ ಗೊತ್ತಿಲ್ಲ. ಕೆಳಗಿನ ಹಾದಿಯ ಗೋಡೆಯನ್ನು ಅಂಗೈಯಗಲ ಬಿಡದೆ ಬಡಿದು ನೋಡಿದ್ದೇವೆ. ಎಲ್ಲ ಕಡೆಯೂ ಬಂಡೆ.

ಅದಾದ ಮೇಲೆಯೇ ನನಗೆ ನನ್ನ ಮಡಿಕೆಯನ್ನು ಬಿಚ್ಚಿ ನೋಡುವ ಧೈರ್ಯ ಬಂದದ್ದು. ಮಡಚಿದರೂ ಒಳಗಿನ ಒಂದೊಂದು ಸಾಲಿಗೂ ಅದರದರ ಹೊತ್ತು ಉಳಿದಿರುತ್ತದೆ. ಮೊದಲ ಸಾಲನ್ನೂ ಮಡಚಿದ ಇನ್ನೂರ ಹನ್ನೆರಡನ್ನೂ ನೆಲದ ಮೇಲೆ ಹರಡಿಕೊಂಡು ಕೂತೆ. ಮೂರು ಸಾಲು, ಸ್ವಲ್ಪ ಬಿಡುವು, ಮತ್ತೆ ಮೂರು ಸಾಲು. ಕೊನೆಯವರೆಗೂ ಹಾಗೆಯೇ ಇತ್ತು. ಅವತ್ತು ನಾನು ಅತ್ತದ್ದು ಮೇಲಿನ ಬೀದಿಗೂ ಕೇಳಿಸಿತಂತೆ.

ನಿಮಗೆ ಹೇಳಬೇಕಾದ ಮಾತು ಇದಕ್ಕಿಂತ ಕೆಟ್ಟದ್ದು. ಕದಗಳ ನಡುವಿನ ಗಾಳಿ ಒಬ್ಬರಿಗೆ ಎರಡು ದಿನಕ್ಕೆ ಸಾಲುತ್ತದೆ. ಈಗ ಹನ್ನೊಂದು ವರ್ಷವಾಯಿತು. ಸಾಲು ನಿಂತಿಲ್ಲ. ಪ್ರತಿದಿನ, ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಮೂರು, ಬಿಡುವು, ಮೂರು. ನಾನು ಊಟದ ಹೊತ್ತನ್ನು ಬದಲಿಸಿ ನೋಡಿದೆ. ಸಾಲೂ ಹೊತ್ತು ಬದಲಿಸಿತು. ಊರಿನವರು ನನ್ನ ಮನೆ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಾರೆ. ‘ಮುಗಿಯಿತು’ ಎಂಬ ಸಾಲು ಬಂದಿಲ್ಲವಾದ್ದರಿಂದ ಹುಲಿಗಿ ಸತ್ತಿದ್ದಾಳೆ ಎಂದು ಹೇಳುವಂತಿಲ್ಲ. ಬದುಕಿದ್ದಾಳೆ ಎನ್ನಲು ಯಾರಿಗೂ ಬಾಯಿಲ್ಲ. ನಾನು ದಿನಾ ಒಂದು ರೊಟ್ಟಿ ಮುಚ್ಚಿಡುತ್ತೇನೆ, ಮಾರನೆಯ ದಿನ ಕುರಿಗೆ ಹಾಕುತ್ತೇನೆ.

ಪ್ರೋಗ್ರಾಮನ್ನು ನೀವೇ ತಿದ್ದಿಕೊಳ್ಳಿ ಎಂದು ನೀವು ಅನ್ನಬಹುದು. ಅದನ್ನು ಒಂದು ಕ್ಷಣ ನಿಲ್ಲಿಸಿದರೂ ಎಲ್ಲ ಕದಗಳೂ ಒಟ್ಟಿಗೆ ತೆರೆದುಕೊಂಡು ಕೆಳಗಿನ ನೀರು ಊರಿಗೆ ನುಗ್ಗುತ್ತದೆ. ಇನ್ನು ಒಂಬತ್ತು ತಂಪು ಕಳೆದರೆ ಹಿರಿಯರು ಊರಿನ ಕಡೆಯ ಬಾಯನ್ನು ಕಲ್ಲಿನಿಂದ ಕಟ್ಟಿಸಿ, ಕೆಳಗಿನ ಹಾದಿಯನ್ನೇ ಶಾಶ್ವತವಾಗಿ ನೀರಿಗೆ ಬಿಡಲಿದ್ದಾರೆ. ಆ ಸಾಲು ಕೇಳಿ ಕೇಳಿ ಸಾಕಾಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಬಾಗಿಲು ಹಳತಾಯಿತು ಎನ್ನುತ್ತಾರೆ. ನೀರು ಬಂದ ಮೇಲೂ ತಟ್ಟುವುದು ನಿಲ್ಲದಿದ್ದರೆ ನಾನು ಏನು ಮಾಡಲಿ?

ಈ ಕಾಗದ ನಿಮ್ಮನ್ನು ಹೇಗೆ ತಲುಪೀತು ಎಂದು ಹೇಳಿಬಿಡುತ್ತೇನೆ. ಸಾಲುಮನೆಯ ಪುಟಗಳು ನಿಮ್ಮ ಕಾಲದಿಂದ ಇಲ್ಲಿಯವರೆಗೆ ಕಡಿಯದೆ ಬಂದಿವೆ. ಸಾಲುಗಳು ಇಲ್ಲಿಗೆ ಬಂದ ಹೊತ್ತಿಗೆ ಅಲ್ಲ, ಕಳಿಸಿದವರು ತಾವೇ ಹೇಳಿಕೊಂಡ ಹೊತ್ತಿಗೆ ಜೋಡಣೆಯಾಗುತ್ತವೆ. ಒಮ್ಮೆ ತಾಯಪ್ಪಜ್ಜ ಗಡಿಯಾರವನ್ನು ತಪ್ಪಾಗಿ ತಿರುಗಿಸಿ, ದೀಪದ ಬತ್ತಿ ಮುಗಿದಿದೆ ಎಂದು ಒಂದು ಸಾಲು ಕಳಿಸಿದರು. ಅದು ಇನ್ನೂರು ವರ್ಷ ಹಿಂದಿನ ಪುಟಕ್ಕೆ ಹೋಗಿ ಕೂತಿತು. ಅದರ ಕೆಳಗೆ, ಅಷ್ಟೇ ಹಳೆಯದಾದ ಇನ್ನೊಂದು ಸಾಲು: ‘ಯಾವ ದೀಪ? ಯಾರಿದು?’ ಅಜ್ಜ ಆ ಪುಟವನ್ನು ಎಳೆಯ ವಯಸ್ಸಿನಲ್ಲಿ ಎಷ್ಟೋ ಸಲ ಓದಿದ್ದವರು. ಆಗ ಆ ಪ್ರಶ್ನೆಯ ಸಾಲು ಅಲ್ಲಿರಲಿಲ್ಲ ಎಂದು ಆಣೆ ಮಾಡಿ ಹೇಳುತ್ತಾರೆ. ಅವತ್ತಿನಿಂದ ಗಡಿಯಾರ ಮುಟ್ಟುವುದನ್ನೇ ಬಿಟ್ಟರು.

ನಾನು ಮುಟ್ಟಿದ್ದೇನೆ. ನೀವು ಆ ಸಾಲು ಬರೆದ ವರ್ಷಕ್ಕೇ ಗಡಿಯಾರವನ್ನು ತಿರುಗಿಸಿ, ಮೊದಲನೆಯ ದನಿಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಊರಿಗೆ ಬೆಂಕಿ ಬಿದ್ದಾಗ ಮಾತ್ರ ಬಳಸಬೇಕಾದ ದನಿ. ಕೆಲಸ ಹೋಗುತ್ತದೆ, ಹೋಗಲಿ. ಇದು ಏಳನೆಯ ಕಾಗದ. ಪ್ರತಿ ಸಲವೂ ಒಂದೆರಡು ಮಾತು ಬದಲಿಸುತ್ತೇನೆ. ಒಂದೇ ತೆರನಾಗಿ ಬರೆದರೆ ನಿಮ್ಮ ಕಡೆಯಲ್ಲಿ ಯಾರೋ ನನ್ನಂಥವರು ಮಡಚಿಟ್ಟು ಊಟಕ್ಕೆ ಏಳುತ್ತಾರೆ.

ಬೇಡುವುದು ಹೆಚ್ಚೇನಿಲ್ಲ. ಆ ಸಾಲಿಗೆ ಬಾಗಿಲ ನಂಬರು ಸೇರಿಸಿ. ಕೂಗು ಎಂದು ಕಳಿಸಿ, ನನ್ನಂಥವಳು ಮಡಚಲಾರದ ಹಾಗೆ. ಕೈಲಾದರೆ ಕದವನ್ನೂ ತೆರೆಯಲು ಹೇಳಿ. ನಿಮಗೆ ಕಾಲು ತಾಸಿನ ಕೆಲಸ.

ನೀವು ತಿದ್ದಿದರೆ ಇಲ್ಲಿ ಏನಾಗುತ್ತದೆ ಎಂದು ಅಜ್ಜನನ್ನು ಕೇಳಿದೆ. ಏನೂ ಆಗುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ ಎಂದರು. ಆ ಬೆಳಿಗ್ಗೆ ನಾನು ಗಂಟೆ ಬಾರಿಸಿರುತ್ತೇನೆ. ಹುಲಿಗಿ ಮೈಯ ಧೂಳು ಕೊಡವುತ್ತ ಮನೆಗೆ ಬಂದು, ಮೂರು ಸಲ ತಟ್ಟಿ, ರೊಟ್ಟಿ ತಣ್ಣಗಾಯಿತೆಂದು ಜಗಳ ತೆಗೆದಿರುತ್ತಾಳೆ. ಹನ್ನೊಂದು ವರ್ಷ ದಿನಾ ಜಗಳವಾಡಿರುತ್ತೇವೆ. ಈ ಕಾಗದವನ್ನು ನಾನು ಬರೆದೇ ಇರುವುದಿಲ್ಲ. ಇದು ನಿಮಗೆ ಬಂದೂ ಇರುವುದಿಲ್ಲ.

ಆದರೆ ಇದು ನಿಮ್ಮ ಮುಂದಿದೆ. ಇನ್ನೂ ಓದುತ್ತಿದ್ದೀರಿ.